ಫೋಟೋ ಮಾತನಾಡುವುದಿಲ್ಲ

‘ಒಂದು ಚಿತ್ರ ಸಾವಿರ ಮಾತಿಗೆ ಸಮ’ ಎಂಬುದನ್ನು ಕೇಳದ ವಾಚಕರು ಇರಲಾರರು. ಸಭೆಗಳಲ್ಲಿ ಭಾಷಣಕಾರರು ಇದನ್ನು ಹೇಳುತ್ತಾರೆ. ಪತ್ರಿಕೆಯಲ್ಲಿ ಹಳೆಯ ಬೆಂಗಳೂರಿನ ಚಿತ್ರವೊಂದು ಅಚ್ಚಾದರೆ ಅದರ ಅಡಿಯಲ್ಲಿ ಇದೇ ಮಾತು ಬಂದು ಕೂರುತ್ತದೆ. ನಮ್ಮ ವಿದ್ಯಾರ್ಥಿಗಳು ಪ್ರಬಂಧದ ಮೊದಲ ವಾಕ್ಯಕ್ಕೆ ತಡಕಾಡುವಾಗ ಕೈಗೆ ಮೊದಲು ಸಿಗುವುದೂ ಇದೇ. ಕೆಲವರು ಇದು ಚೀನಾ ದೇಶದ ಗಾದೆ ಎಂದು ಗಂಭೀರವಾಗಿ ಸೇರಿಸುವುದುಂಟು. ಚೀನೀಯರು ಪಾಪ, ಈ ಅಪವಾದಕ್ಕೆ ಪಾತ್ರರಲ್ಲ. 1921ರ ಡಿಸೆಂಬರಿನಲ್ಲಿ ಅಮೆರಿಕದ ‘ಪ್ರಿಂಟರ್ಸ್ ಇಂಕ್’ ಎಂಬ ಜಾಹೀರಾತು ವ್ಯಾಪಾರದ ಪತ್ರಿಕೆಯಲ್ಲಿ ಫ್ರೆಡ್ ಬರ್ನಾರ್ಡ್ ಎಂಬ ಮಹಾಶಯರು ಒಂದು ನೋಟ ಸಾವಿರ ಮಾತಿಗೆ ಸಮವೆಂದು ಸಾರಿದರು. ಅವರು ಮಾರುತ್ತಿದ್ದುದು ಕಲೆಯನ್ನಲ್ಲ, ಚರಿತ್ರೆಯನ್ನೂ ಅಲ್ಲ. ಟ್ರಾಮ್ ಗಾಡಿಗಳಲ್ಲಿ ಅಂಟಿಸುವ ಜಾಹೀರಾತುಗಳಿಗೆ ಜಾಗವನ್ನು. 1927ರಲ್ಲಿ ಅವರೇ ಸಾವಿರವನ್ನು ಹತ್ತು ಸಾವಿರಕ್ಕೆ ಏರಿಸಿ, ಪಕ್ಕದಲ್ಲಿ ಚೀನೀ ಅಕ್ಷರಗಳನ್ನು ಜೋಡಿಸಿ, ಇದು ಚೀನಾದ ಗಾದೆ ಎಂದು ಅಚ್ಚು ಹಾಕಿಸಿದರು. ಗಾದೆ ಎಂದರೆ ಜನ ನಂಬುತ್ತಾರೆ ಎಂಬ ಲೆಕ್ಕ. ಲೆಕ್ಕ ತಪ್ಪಲಿಲ್ಲ.

ಟ್ರಾಮಿನೊಳಗೆ ಸೋಪು, ಬಿಸ್ಕತ್ತು ಮಾರುವುದಕ್ಕೆ ಈ ಮಾತು ಸರಿಯಾಗಿಯೇ ಇರಬಹುದು. ನನ್ನ ತಕರಾರು ಇರುವುದು ಅದು ನಮ್ಮ ಮನೆಗಳ ಟ್ರಂಕಿನೊಳಕ್ಕೆ ಹೊಕ್ಕು ಮಾಡಿರುವ ಹಾನಿಯ ಬಗ್ಗೆ. ಕಳೆದ ಶತಮಾನದ ಮೊದಲ ಮೂರು ದಶಕಗಳ ನಗರಜೀವನ ಇಂದು ಎಲ್ಲಿಯಾದರೂ ಉಳಿದಿದ್ದರೆ ಅರ್ಧ ಭಾಗ ಸರ್ಕಾರದ ಕಡತಗಳಲ್ಲಿದೆ, ಉಳಿದರ್ಧ ಖಾಸಗಿ ಮನೆಗಳ ಫೋಟೋಗಳಲ್ಲಿದೆ. ಕಡತದಲ್ಲಿ ತೆರಿಗೆಯೂ ಚರಂಡಿಯೂ ಸಿಗುತ್ತವೆ. ಜನ ಹೇಗೆ ನಿಲ್ಲುತ್ತಿದ್ದರು, ಕಚ್ಚೆಯ ಮೇಲೆ ಕೋಟು ಹಾಕಿಕೊಂಡು ಪೇಟ ಸುತ್ತಿದವರ ಕಾಲಿನಲ್ಲಿ ಜೋಡು ಇತ್ತೇ ಇಲ್ಲವೇ, ಮದುವೆಯ ಚಪ್ಪರದಲ್ಲಿ ಹೆಂಗಸರು ಯಾವ ಕಡೆ ಕೂರುತ್ತಿದ್ದರು ಎಂಬುದೆಲ್ಲ ಸಿಗುವುದು ಫೋಟೋದಲ್ಲಿ. ಇದನ್ನು ನಾನು ಬಲ್ಲೆ; ಫೋಟೋವನ್ನು ಹೀಗಳೆಯಲು ಇದನ್ನು ಬರೆಯುತ್ತಿಲ್ಲ. ಆದರೆ ಚಿತ್ರವೊಂದು ಇದ್ದರೆ ಸಾಕು, ಮಾತು ತಾನಾಗಿ ಅದರಿಂದ ಹೊರಡುತ್ತದೆ ಎಂಬ ನಂಬಿಕೆಯಿಂದ ನಾವು ಚಿತ್ರವನ್ನು ಇಟ್ಟುಕೊಂಡು ಮಾತನ್ನು ಕಳೆದುಕೊಂಡಿದ್ದೇವೆ. ಕಳೆದುಕೊಳ್ಳುತ್ತಲೂ ಇದ್ದೇವೆ.

ದೂರದ ಒಂದು ಉದಾಹರಣೆಯಿಂದ ಆರಂಭಿಸುತ್ತೇನೆ. 2013ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ, ಪ್ರಾಚೀನ ಸ್ಮಾರಕಗಳನ್ನು ದಾಖಲಿಸುವ ಅಲ್ಲಿಯ ರಾಯಲ್ ಕಮಿಷನ್ ತನ್ನ ಭಂಡಾರದಲ್ಲಿ ಸಿಕ್ಕ 178 ಗಾಜಿನ ನೆಗೆಟಿವ್‌ಗಳನ್ನು ಪ್ರಕಟಪಡಿಸಿತು. ಅವು ಸಿಕ್ಕಿದ್ದು ಬೂಟ್ಸಿನ ರಟ್ಟಿನ ಪೆಟ್ಟಿಗೆಯಲ್ಲಿ: ಪೀಟರ್ ಲಾರ್ಡ್ ಕಂಪನಿಯದು, ಒಂಬತ್ತನೇ ನಂಬರಿನದು. ಒಳಗೆ ಗಾಜುಗಳಿಗೆ ಸುತ್ತಿದ್ದುದು 1914ರ ‘ಸ್ಟೇಟ್ಸ್‌ಮನ್’ ಪತ್ರಿಕೆಯ ಹಾಳೆಗಳು. ಚಿತ್ರಗಳು ನಮ್ಮ ದೇಶದವು, ಅದರಲ್ಲೂ ಕಲ್ಕತ್ತೆಯವು. ಹೂಗ್ಲಿ ನದಿಯ ಚಾಂದ್‌ಪಾಲ್ ಘಾಟಿಗೆ ಬಂದು ನಿಂತ ಹಡಗುಗಳು ಇವೆ. ಮೈದಾನದಲ್ಲಿ ಯಾವುದೋ ಪರ್ವಕ್ಕೆ ನೆರೆದ ಯಾತ್ರಿಕರಿದ್ದಾರೆ. ಪುರಿಯ ಜಗನ್ನಾಥ ದೇವಾಲಯದ ಮುಂದೆ ಅಂಗಡಿ ಹರವಿಕೊಂಡು ಕುಳಿತ ವ್ಯಾಪಾರಿಗಳಿದ್ದಾರೆ. ದೊರೆಯ ಆಗಮನಕ್ಕೆಂದು ದೀಪಾಲಂಕಾರ ಮಾಡಿದ ಕಟ್ಟಡಗಳಿವೆ. ಒಡೆಯದೆ, ಬೂಷ್ಟು ಹಿಡಿಯದೆ, ನೂರು ವರ್ಷ ಬದುಕಿ ಬಂದ ಗಾಜು! ಆದರೆ ಪ್ರಕಟಿಸಿದ ದಿನ ಆ ಸಂಸ್ಥೆಗೆ ಇವನ್ನು ತೆಗೆದವರು ಯಾರು ಎಂಬುದು ತಿಳಿದಿರಲಿಲ್ಲ. ಅವು ತನ್ನಲ್ಲಿಗೆ ಬಂದದ್ದು ಹೇಗೆಂಬುದೂ ತಿಳಿದಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ನೋಡಿ. ಚಿತ್ರ ಮಾತನಾಡುತ್ತದೆ ಎನ್ನುವವರು ಈ 178 ಗಾಜುಗಳನ್ನು ಬೆಳಕಿಗೆ ಹಿಡಿದು ಏನನ್ನು ಕೇಳಿಸಿಕೊಂಡಾರು? ದೀಪಾಲಂಕಾರದ ಕಾಲವನ್ನು ಗುರುತಿಸಬಹುದು. ಏಕೆಂದರೆ ಐದನೆಯ ಜಾರ್ಜ್ ದೊರೆ 1911ರ ಡಿಸೆಂಬರಿನಲ್ಲಿ ದೆಹಲಿಯ ದರ್ಬಾರನ್ನು ಮುಗಿಸಿಕೊಂಡು ಆ ವರ್ಷದ ಕೊನೆಗೆ ಕಲ್ಕತ್ತೆಗೆ ಬಂದು, 1912ರ ಜನವರಿಯ ಮೊದಲ ವಾರವನ್ನು ಅಲ್ಲಿ ಕಳೆದದ್ದು ನೂರು ಪುಸ್ತಕಗಳಲ್ಲಿ ಬರೆದಿದೆ. ಕಟ್ಟಡಗಳನ್ನು ಗುರುತಿಸಬಹುದು, ಅವು ನಿಂತಿವೆ. ಘಾಟನ್ನೂ ದೇವಾಲಯವನ್ನೂ ಗುರುತಿಸಬಹುದು. ಚಿತ್ರದ ಜೊತೆಗೆ ಬಂದ ಒಂದೇ ಒಂದು ಬರಹದ ತುಂಡು, ಆ ರದ್ದಿ ಪತ್ರಿಕೆ, ಚಿತ್ರ ಹೇಳಲಾರದ ಒಂದು ತಾರೀಖನ್ನು ಹೇಳಿತು. ಆದರೆ ಜಗನ್ನಾಥನ ಗುಡಿಯ ಮುಂದೆ ಕುಳಿತು ವ್ಯಾಪಾರ ಮಾಡುತ್ತಿದ್ದವನು ಯಾರು? ಘಾಟಿನಲ್ಲಿ ಇದ್ದವರು ಯಾವ ಊರಿನಿಂದ ಬಂದವರು? ಇದನ್ನು ಆ ಗಾಜು ಇನ್ನೂ ನೂರು ವರ್ಷವಾದರೂ ಹೇಳುವುದಿಲ್ಲ.

ಮಾತಿಲ್ಲದ ಚಿತ್ರದಲ್ಲಿ ನಮಗೆ ಗುರುತು ಸಿಗುವುದು ದೊರೆಯದು, ಅರಮನೆಯದು, ಕಲ್ಲುಗಾರೆಯದು. ಯಾರ ಹೆಸರನ್ನು ಬೇರೆ ಕಡೆ ಮೊದಲೇ ಬರೆದಿಟ್ಟಿದೆಯೋ ಅವರು ಮಾತ್ರ ಅದರಲ್ಲಿ ಮಾತನಾಡುತ್ತಾರೆ. ಮಿಕ್ಕವರು ‘ಜನ’ ಆಗುತ್ತಾರೆ. ‘ಅಂದಿನ ಬೀದಿಯ ಒಂದು ನೋಟ’ ಆಗುತ್ತಾರೆ. ಆದ್ದರಿಂದ ಚಿತ್ರ ಸಾವಿರ ಮಾತಿಗೆ ಸಮ ಎನ್ನುವವರು, ತಮಗೆ ತಿಳಿಯದೆಯೇ, ಬಲ್ಲಿದನ ಪಕ್ಷ ಹಿಡಿದು ಮಾತನಾಡುತ್ತಿದ್ದಾರೆ ಎಂಬುದು ನನ್ನ ವಾದ.

ನಮ್ಮ ಊರಿಗೆ ಬರೋಣ. ಇದೇ ಐದನೆಯ ಜಾರ್ಜ್ ಇನ್ನೂ ಯುವರಾಜನಾಗಿದ್ದಾಗ, 1906ರ ಫೆಬ್ರವರಿಯಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕಿನ ಬಳಿ ತನ್ನ ಅಜ್ಜಿ ವಿಕ್ಟೋರಿಯಾ ರಾಣಿಯ ವಿಗ್ರಹವನ್ನು ಅನಾವರಣ ಮಾಡಿದನು. ಆ ವಿಗ್ರಹದ ಮುಂದೆ ನಿಂತು ತೆಗೆಸಿಕೊಂಡ ಕುಟುಂಬದ ಫೋಟೋ ಹಲವು ಮನೆಗಳಲ್ಲಿದೆ. ಅಂಥ ಒಂದು ಫೋಟೋವನ್ನು ಇಂದು ಯಾರ ಕೈಗಾದರೂ ಕೊಡಿ. ‘ಓ, ಇದು ವಿಕ್ಟೋರಿಯಾ ಸ್ಟ್ಯಾಚ್ಯೂ’ ಎನ್ನುತ್ತಾರೆ. ಕಲ್ಲಿನ ರಾಣಿಯ ಹೆಸರು ಗೊತ್ತು. ಅವಳ ಮುಂದೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ನಮ್ಮವೇ ಮುತ್ತಜ್ಜಿಯ ಹೆಸರು ಗೊತ್ತಿಲ್ಲ!

ಕಟ್ಟಡವಾದರೂ ನಿಲ್ಲುತ್ತದೆಂಬ ಧೈರ್ಯ ನಮ್ಮ ಊರಿನಲ್ಲಿ ಇಲ್ಲ. ಧರ್ಮಾಂಬುಧಿ ಕೆರೆಯಿದ್ದ ಕಡೆ ಬಸ್ಸುಗಳು ನಿಂತಿವೆ. ಸಂಪಂಗಿ ಕೆರೆಯಿದ್ದ ಕಡೆ ಕಂಠೀರವ ಕ್ರೀಡಾಂಗಣವಿದೆ. ಕೆರೆಯ ಏರಿಯ ಮೇಲೆ ನಿಂತು ತೆಗೆಸಿಕೊಂಡ ಚಿತ್ರಕ್ಕೆ ‘ಇದು ಇಂಥ ಕೆರೆ’ ಎಂದು ಒಬ್ಬರು ಬರೆಯದಿದ್ದರೆ ನೀರಿಗೆ ಮುಖವಿದೆಯೇ, ಗುರುತು ಹಿಡಿಯುವುದಕ್ಕೆ? ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಆದ್ದರಿಂದ ಬೀದಿಯಲ್ಲಿ ವಿದ್ಯುತ್ ಕಂಬ ಕಂಡರೆ ಚಿತ್ರ ಆಮೇಲಿನದು ಎಂದು ಪಂಡಿತರು ಊಹಿಸಬಹುದು. ಅಷ್ಟಕ್ಕೇ ಊಹೆ ನಿಲ್ಲುತ್ತದೆ. 1898ರ ಪ್ಲೇಗು ಯಾರ ಯಾರನ್ನು ಪೇಟೆಯಿಂದ ಬಸವನಗುಡಿಗೆ, ಮಲ್ಲೇಶ್ವರಕ್ಕೆ ಅಟ್ಟಿತು, ಆ ಹೊಸ ಮನೆಯ ಮುಂಬಾಗಿಲಲ್ಲಿ ನಿಂತವರಲ್ಲಿ ಪ್ಲೇಗಿಗೆ ತಾಯಿಯನ್ನು ಕೊಟ್ಟ ಮಗು ಯಾವುದು, ಎಂಬುದನ್ನು ಕಂಬ ಹೇಳುವುದಿಲ್ಲ.

ಚಿತ್ರದ ಜೊತೆಗೆ ಮಾತನ್ನು ಇಡಬೇಕೆಂಬುದು ನಾನು ವಿಲಾಯಿತಿಯಿಂದ ತಂದ ಬುದ್ಧಿವಾದವೂ ಅಲ್ಲ. ಕನ್ನಡ ನಾಡಿನ ಊರೂರಿನ ಹೊರಗೆ ನಿಂತಿರುವ ವೀರಗಲ್ಲುಗಳನ್ನು ನೋಡಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಚಿತ್ರ ಸಾಲದೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಆದ್ದರಿಂದ ಅನುಕೂಲವಿದ್ದ ಕಡೆ ಪಟ್ಟಿಕೆಗಳ ನಡುವೆ ಅಕ್ಷರ ಕೊರೆಸಿದರು: ಯಾರ ಆಳ್ವಿಕೆ, ಯಾವ ಊರಿನ ತುರು ಹರಿಯಿತು, ಸತ್ತವನ ಹೆಸರೇನು, ಅವನ ಮನೆಯವರಿಗೆ ಬಿಟ್ಟ ಮಣ್ಣು ಎಷ್ಟು. ಬರಹವುಳ್ಳ ಕಲ್ಲು ಚರಿತ್ರೆಯಾಯಿತು. ಬರಹವಿಲ್ಲದ್ದು, ಅದರ ಶಿಲ್ಪ ಎಷ್ಟು ಚೆಲುವಾಗಿದ್ದರೂ, ‘ಒಬ್ಬ ವೀರ’ ಎಂದಷ್ಟೇ ಪಟ್ಟಿಯಲ್ಲಿ ಸೇರುತ್ತದೆ. ಬೆಂಗಳೂರೆಂಬ ಹೆಸರು ನಮಗೆ ಒಂಬತ್ತನೆಯ ಶತಮಾನದಷ್ಟು ಹಿಂದೆ ಸಿಗುವುದೂ ಬೇಗೂರಿನ ಒಂದು ವೀರಗಲ್ಲಿನ ಬರಹದಿಂದಲೇ.

ಆತಕೂರಿನ ಕಲ್ಲಿನ ಕಥೆ ಕನ್ನಡ ಎಂ.ಎ. ಓದಿದವರಿಗೆಲ್ಲ ತಿಳಿದದ್ದು, ಮಿಕ್ಕವರಿಗಾಗಿ ಹೇಳುತ್ತೇನೆ. ಹತ್ತನೆಯ ಶತಮಾನದ ನಡುವೆ, ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನು ತನ್ನ ಒಡೆಯನಾದ ಗಂಗ ಬೂತುಗನಲ್ಲಿ ಬಹುಮಾನವಾಗಿ ಬೇಡಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ಆ ನಾಯಿ ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದಕ್ಕೊಂದು ಕಲ್ಲು ನಿಲ್ಲಿಸಿ, ನಾಯಿ ಹಂದಿಯ ಮೇಲೆ ಎರಗುವ ಚಿತ್ರ ಕಡೆಯಿಸಿ, ಹೆಸರು ಬರೆಯಿಸಿದರು. ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಕ್ಕೂ ಹಿಂದಿನ ನಾಯಿಯೊಂದರ ಹೆಸರನ್ನು ನಾವು ಬಲ್ಲೆವು. ಸಾವಿರದ ಒಂಬೈನೂರ ಇಪ್ಪತ್ತರಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಮಗುವನ್ನೆತ್ತಿಕೊಂಡು ನಿಂತ ಹೆಂಗಸಿನ ಹೆಸರನ್ನು ಅರಿಯೆವು. ತಾಳೆಗರಿಯ ಲಿಪಿಕಾರರಂತೂ ಪ್ರತಿ ಮುಗಿಸಿದ ಮೇಲೆ ಸಂವತ್ಸರ, ಮಾಸ, ತಿಥಿ, ತಮ್ಮ ಹೆಸರು ಎಲ್ಲವನ್ನೂ ಬರೆಯುತ್ತಿದ್ದರು. ಅವರಿಗೆ ಇದ್ದ ಎಚ್ಚರ, ಕಾಲೇಜಿನ ಪದವಿ ಪಡೆದು ಕ್ಯಾಮೆರಾ ಕೊಂಡ ನಮ್ಮ ತಾತಂದಿರಿಗೆ ಏಕೆ ತಪ್ಪಿತೋ ತಿಳಿಯದು.

ಬರೆದವರೂ ಇದ್ದರು, ಇಲ್ಲವೆನ್ನಲಾರೆ; ಆದರೆ ಯಾರನ್ನು ಬರೆದರು? ಆಫೀಸಿನ ಬೀಳ್ಕೊಡುಗೆಯ ಗುಂಪು ಫೋಟೋದಲ್ಲಿ ಕುಳಿತವರು ಎಡದಿಂದ ಬಲಕ್ಕೆ, ನಿಂತವರು ಎಡದಿಂದ ಬಲಕ್ಕೆ, ಪದವಿಗಳ ಸಮೇತ ಅಚ್ಚಾಗಿರುತ್ತದೆ. ಎರಡು ತುದಿಗಳಲ್ಲಿ ಡವಾಲಿ ಹಾಕಿಕೊಂಡು ನಿಂತ ಜವಾನರಿಗೆ ಬಂದಾಗ ಪಟ್ಟಿ ಮುಗಿದಿರುತ್ತದೆ. ಮನೆಯ ಫೋಟೋದಲ್ಲಿ ಗಂಡಸರ ಹೆಸರಿದ್ದು ಹೆಂಗಸರು ‘ಅವರ ಕುಟುಂಬ’ ಆಗಿರುತ್ತಾರೆ. ನನಗೆ ಎಷ್ಟೋ ಸಲ ಅನ್ನಿಸಿದೆ: ಅಂದಿನ ನಗರಜೀವನ ನಿಜವಾಗಿ ಇರುವುದು ಫೋಟೋದ ನಡುವೆ ಅಲ್ಲ, ಅಂಚಿನಲ್ಲಿ. ನಡುವೆ ಕುಳಿತವರು ಮುಖವನ್ನು ಬಿಗಿಹಿಡಿದು ತಮ್ಮಂತಲ್ಲದೆ ಇನ್ನಾರಂತೆಯೋ ಇರುತ್ತಾರೆ. ಅಂಚಿನಲ್ಲಿ ಜಟಕಾದ ಕುದುರೆ ತಲೆ ಅಲ್ಲಾಡಿಸಿ ಮಸುಕಾಗಿರುತ್ತದೆ. ಅದರ ಲಗಾಮು ಹಿಡಿದವನು, ತನ್ನನ್ನು ಯಾರೂ ತೆಗೆಯುತ್ತಿಲ್ಲವೆಂದು, ಸಹಜವಾಗಿ ನಿಂತಿರುತ್ತಾನೆ. ಬಾಗಿಲ ಸಂದಿನಲ್ಲಿ ವಿಧವೆ ಅತ್ತೆಯೊಬ್ಬರ ಅರ್ಧ ಮುಖ. ಬಾವಿಕಟ್ಟೆಯ ಹತ್ತಿರ ಪಾತ್ರೆ ಬೆಳಗುವ ಹೆಂಗಸು ಯಾರು ಬಂದರೆಂದು ಕತ್ತೆತ್ತಿರುತ್ತಾಳೆ. ಇವರ ಹೆಸರು ಫೋಟೋ ತೆಗೆದ ದಿನ ಆ ಮನೆಯ ಪ್ರತಿಯೊಬ್ಬರಿಗೂ ಗೊತ್ತಿತ್ತು. ಬರೆಯಬೇಕೆಂದು ಮಾತ್ರ ಯಾರಿಗೂ ತೋರಲಿಲ್ಲ.

ಚಿತ್ರಕ್ಕೆ ಮಾತು ಬೇಕೆಂಬುದು ಕ್ಯಾಮೆರಾ ಮಾರುವವರಿಗೇ ಗೊತ್ತಿತ್ತು ಎಂದರೆ ವಾಚಕರು ಆಶ್ಚರ್ಯಪಡಬಹುದು. 1900ರಲ್ಲಿ ಒಂದು ಡಾಲರಿಗೆ ‘ಬ್ರೌನಿ’ ಎಂಬ ಪೆಟ್ಟಿಗೆ ಕ್ಯಾಮೆರಾ ತಂದು ಫೋಟೋವನ್ನು ಮನೆಮನೆಯ ವಿಷಯ ಮಾಡಿದ ಕೊಡಕ್ ಕಂಪನಿ, 1914ರಲ್ಲಿ ಇನ್ನೊಂದು ಬಗೆಯದನ್ನು ಹೊರಡಿಸಿತು. ಅದರ ಬೆನ್ನಿನಲ್ಲಿ ಒಂದು ಪುಟ್ಟ ಕಿಂಡಿ. ಫೋಟೋ ತೆಗೆದ ಕೂಡಲೆ ಕಿಂಡಿ ತೆರೆದು, ಲೋಹದ ಕಡ್ಡಿಯಿಂದ ಊರು, ತಾರೀಖು, ಹೆಸರನ್ನು ಬರೆದರೆ ಅದು ಫಿಲ್ಮಿನ ಮೇಲೆಯೇ ಮೂಡುತ್ತಿತ್ತು. ಈ ಯುಕ್ತಿಯನ್ನು ಕಂಡುಹಿಡಿದ ಹೆನ್ರಿ ಗೈಸ್‌ಮನ್‌ಗೆ ಆ ಕಂಪನಿ ಕೊಟ್ಟ ಹಣ ಮೂರು ಲಕ್ಷ ಡಾಲರ್. ದುಡ್ಡಿನ ಬೆಲೆ ಬಲ್ಲ ವ್ಯಾಪಾರಿಗಳು, ನಾಲ್ಕು ಮಾತು ಬರೆಯುವ ಕಿಂಡಿಗೆ ಅಷ್ಟು ಸುರಿದರು. 1930ರ ದಶಕದ ಆರಂಭದ ಹೊತ್ತಿಗೆ ಆ ಬಗೆ ನಿಂತುಹೋಯಿತು. ಕಿಂಡಿ ಇದ್ದರೂ ಅದನ್ನು ತೆರೆಯುವವರು ಕಡಮೆಯಾಗಿದ್ದರೆಂದೇ ನನ್ನ ಗುಮಾನಿ.

ಕಿಂಡಿಯಿಲ್ಲದೆಯೇ ಬರೆದ ಒಬ್ಬಾಕೆಯನ್ನು ಹೇಳಬೇಕು. ನ್ಯೂಯಾರ್ಕ್ ನಗರದ ಸ್ಟೇಟನ್ ದ್ವೀಪದಲ್ಲಿದ್ದ ಆಲಿಸ್ ಆಸ್ಟಿನ್, 1866ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ಕ್ಯಾಮೆರಾ ಕೈಗೆ ಬಂತು. ಹೊಟ್ಟೆಪಾಡಿಗಲ್ಲ, ತಮ್ಮ ಸಂತೋಷಕ್ಕಾಗಿ ದಶಕಗಳ ಕಾಲ ತೆಗೆದರು: ಸ್ನೇಹಿತೆಯರ ಆಟಪಾಟ, ಹಡಗಿನಲ್ಲಿ ಬಂದಿಳಿದ ವಲಸೆಗಾರರನ್ನು ತಡೆದು ಪರೀಕ್ಷಿಸುವ ಕ್ವಾರಂಟೈನ್ ಠಾಣೆ, ಪೇಟೆಯಲ್ಲಿ ಮೊಟ್ಟೆ ಮಾರುವವರು, ಪತ್ರಿಕೆ ಮಾರುವ ಹುಡುಗಿಯರು, ಬೀದಿ ಗುಡಿಸುವವರು. ಪ್ರತಿ ಗಾಜನ್ನು ಇಡುವ ಕಾಗದದ ಚೀಲದ ಮೇಲೆ ಸ್ಥಳ, ತಾರೀಖು, ಹೊತ್ತು, ಬೆಳಕು ಎಷ್ಟಿತ್ತು, ಎಷ್ಟು ಕಾಲ ತೆರೆದಿತ್ತು ಎಂಬುದನ್ನೆಲ್ಲ ಬರೆಯುವುದು ಅವರ ಪದ್ಧತಿ. 1929ರ ಷೇರುಪೇಟೆಯ ಕುಸಿತದಲ್ಲಿ ಆಸ್ತಿ ಕರಗಿತು. 1945ರಲ್ಲಿ ಮನೆ ಬಿಡಬೇಕಾಯಿತು. ಸಾಮಾನು ಹಳೆಯ ಸಾಮಾನಿನ ವ್ಯಾಪಾರಿಗೆ ಹೋಯಿತು. ಆ ಗೊಂದಲದಲ್ಲಿ ಅಲ್ಲಿಯ ಚರಿತ್ರೆಯ ಸಂಘದವರು ಮೂರು ಸಾವಿರಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಉಳಿಸಿದರು. ಆಕೆ ಕೊನೆಗೆ ಬಡವರ ಆಶ್ರಯಾಲಯ ಸೇರಿದರು. 1951ರಲ್ಲಿ ಚಿತ್ರಗಳು ಪತ್ರಿಕೆಗಳಲ್ಲಿ ಬೆಳಕು ಕಂಡು, ಅದರ ಹಣದಿಂದ ಮುದುಕಿಯನ್ನು ಒಳ್ಳೆಯ ಶುಶ್ರೂಷಾಲಯಕ್ಕೆ ಸಾಗಿಸಲಾಯಿತು. 1952ರಲ್ಲಿ ತೀರಿಕೊಂಡರು.

ಕಲ್ಕತ್ತೆಯ ಪೆಟ್ಟಿಗೆಯನ್ನೂ ಈ ಪೆಟ್ಟಿಗೆಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಎರಡೂ ಖಾಸಗಿ ಸಂಗ್ರಹ, ಎರಡೂ ಗಾಜು, ಎರಡೂ ಕಸವಾಗುವುದರಿಂದ ಕೂದಲೆಳೆಯಲ್ಲಿ ಪಾರಾದದ್ದು. ಒಂದರಿಂದ ನಗರದ ಒಂದು ಗಳಿಗೆಯನ್ನು ಬೀದಿ ಸಮೇತ ಹಿಡಿಯಬಹುದು; ಇನ್ನೊಂದರಿಂದ ಊಹಿಸಬಹುದು. ಆದರೆ ಆಲಿಸ್ ಅವರಿಗೂ ನಾನು ಪೂರ್ತಿ ಅಂಕ ಕೊಡಲಾರೆ. 1896ರಲ್ಲಿ ಆ ಬೀದಿಯ ಚಿತ್ರಗಳನ್ನು ಒಟ್ಟಿಗೆ ಹೊರತಂದಾಗ ಇಟ್ಟ ಹೆಸರು ನ್ಯೂಯಾರ್ಕಿನ ಬೀದಿಯ ‘ಮಾದರಿಗಳು’ ಎಂದು. ಮನುಷ್ಯರಲ್ಲ, ಮಾದರಿಗಳು! ನಮ್ಮ ದೇಶದಲ್ಲಿ ಇದೇ ಬುದ್ಧಿ ಸರ್ಕಾರಿ ಮುದ್ರೆಯೊತ್ತಿಕೊಂಡು ಬಂತು. ಥರ್ಸ್‌ಟನ್ನರು 1909ರಲ್ಲಿ ದಕ್ಷಿಣ ಭಾರತದ ಜಾತಿಬುಡಕಟ್ಟುಗಳ ಮೇಲೆ ಹೊರತಂದ ಏಳು ಸಂಪುಟಗಳಲ್ಲಿ ಮುಖಗಳಿವೆ. ಆ ಮುಖಗಳು ಅಲ್ಲಿ ಕೂತಿರುವುದು ತಮ್ಮ ಜಾತಿಯ ಪರವಾಗಿ. ಹೆಸರನ್ನು ಬಿಟ್ಟರೆ ಮನುಷ್ಯ ಮಾದರಿಯಾಗಲು ಎಷ್ಟು ಹೊತ್ತು?

ಇನ್ನು ಈ ಕಾಲದ ಸಂಗತಿ. ಹಳೆಯ ಚಿತ್ರಗಳಿಗೆ ಈಗ ಬೆಲೆ ಬಂದಿದೆ ಎಂದು ಸಂತೋಷಪಡುವವರಿದ್ದಾರೆ. ಯಾವ ಬೆಲೆ? ಹೋಟೆಲಿನ ಗೋಡೆಗೆ ಕಟ್ಟುಹಾಕಿ ತೂಗುಬಿಡುವ ಬೆಲೆ. ಯಾರ ಮನೆಯದೋ ಮದುವೆಯ ಫೋಟೋ ಕಾಫಿ ಕುಡಿಯುವವರ ತಲೆಯ ಮೇಲೆ ಅಲಂಕಾರವಾಗಿ ನೇತಾಡುತ್ತದೆ. ಮೊಬೈಲಿನಲ್ಲಿ ದಿನಕ್ಕೊಂದು ‘ಅಂದಿನ ಬೆಂಗಳೂರು’ ಬರುತ್ತದೆ. ಎಲ್ಲಿಂದ ಬಂತು, ಯಾರ ಮನೆಯದು ಎಂಬ ಸೊಲ್ಲಿಲ್ಲ. ನೋಡಿದವರು ‘ಆಹಾ, ಎಂಥ ಕಾಲ’ ಎಂದು ನಿಟ್ಟುಸಿರು ಬಿಟ್ಟು ಮುಂದಿನವರಿಗೆ ದಾಟಿಸುತ್ತಾರೆ. ಮೂರು ಕೈ ದಾಟುವಷ್ಟರಲ್ಲಿ ಮದರಾಸಿನ ಬೀದಿ ಚಿಕ್ಕಪೇಟೆಯಾಗಿರುತ್ತದೆ. ಸಾಲದ್ದಕ್ಕೆ ಗಣಕಯಂತ್ರ ಈಗ ಬಣ್ಣವನ್ನೂ ಬಳಿಯುತ್ತದೆ. ಕಪ್ಪುಬಿಳುಪಿನ ಸೀರೆಗೆ ಅದು ಗುಲಾಬಿ ಬಣ್ಣ ಹಚ್ಚಿದರೆ ನಮಗೆ ಅದೇ ಸತ್ಯ. ಆ ಸೀರೆ ಮಾವಿನ ಹಸಿರಿನದು, ತವರಿನವರು ಕೊಟ್ಟದ್ದು ಎಂದು ಹೇಳಬಲ್ಲ ಒಬ್ಬ ಮುದುಕಿ ಅದೇ ಮನೆಯ ಕೋಣೆಯಲ್ಲಿ ಮಲಗಿದ್ದರೂ ಇರಬಹುದು, ಅವರನ್ನು ಕೇಳುವವರಿಲ್ಲ.

ಸಂಸ್ಥೆಗಳು ಇದಕ್ಕಿಂತ ಬುದ್ಧಿವಂತಿಕೆ ತೋರುತ್ತವೆಯೇ? ನನಗೆ ತಿಳಿದ ಒಂದು ಕಡೆ, ಹೆಸರು ಬೇಡ, ಒಂದು ಮನೆತನದವರು ತಮ್ಮ ಆಲ್ಬಂ ಅನ್ನು ಭಕ್ತಿಯಿಂದ ತಂದು ಒಪ್ಪಿಸಿದರು. ಕಪ್ಪು ಹಾಳೆಯ ಹಳೆಯ ಆಲ್ಬಂ. ಪ್ರತಿ ಫೋಟೋದ ಕೆಳಗೆ ಬಿಳಿಯ ಶಾಯಿಯಲ್ಲಿ, ಮೋಡಿಯಂತೆ ಹೊಸೆದ ಕನ್ನಡ ಅಕ್ಷರದಲ್ಲಿ ಎರಡೆರಡು ಸಾಲು. ಒಂದು ವರ್ಷದ ಮೇಲೆ ಹೋಗಿ ನೋಡುತ್ತೇನೆ: ಫೋಟೋಗಳನ್ನು ಬಿಡಿಸಿ, ಶುಭ್ರಮಾಡಿ, ಹೊಸ ಬಿಳಿಯ ಹಾಳೆಗೆ ಅಂಟಿಸಿ, ಒಂದೊಂದಕ್ಕೂ ಕ್ರಮಸಂಖ್ಯೆ ಕೊಟ್ಟಿದ್ದಾರೆ. ಕಪ್ಪು ಹಾಳೆಗಳೆಲ್ಲಿ ಎಂದರೆ ಗುಮಾಸ್ತರು, ‘ಅದೆಲ್ಲ ಹುಳ ಹಿಡಿದಿತ್ತು ಸಾರ್, ಬಿಸಾಕಿದ್ವಿ’ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಚಿತ್ರ ಮುಖ್ಯ, ಮಾತು ಅದರ ಕೊಳೆ ಎಂದು ಅವರಿಗೆ ಕಲಿಸಿದವರು ಮೇಲಿನ ಕುರ್ಚಿಯವರು.

ನನ್ನ ಮಾತಿಗೆ ಬರುವ ಆಕ್ಷೇಪಣೆಗಳನ್ನು ಬಲ್ಲೆ. ‘ಇದು ಮನೆಯ ಸಂಗತಿ, ನಮ್ಮ ಮುತ್ತಾತನ ಎರಡನೆಯ ಸಂಬಂಧ ಊರಿಗೆಲ್ಲ ತಿಳಿಯಬೇಕೆ?’ ಬೇಕಿಲ್ಲ. ಫೋಟೋದ ಬೆನ್ನಿನ ಮೇಲೆ ಬರೆಯುವುದಕ್ಕೂ ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದಕ್ಕೂ ವ್ಯತ್ಯಾಸವಿದೆ. ಟ್ರಂಕನ್ನು ಮುಚ್ಚಿಯೇ ಇಡಿ, ಬೀಗವನ್ನೂ ಹಾಕಿ. ಒಳಗೆ ಇರುವುದು ಮೂಕವಾಗಿರುವುದು ಬೇಡ ಎಂದಷ್ಟೇ ನನ್ನ ಕೋರಿಕೆ. ಇನ್ನೊಂದು ಆಕ್ಷೇಪಣೆ ಹೆಚ್ಚು ತೂಕದ್ದು: ನೆನಪು ತಪ್ಪಬಹುದು, ಬರೆದದ್ದು ಸುಳ್ಳಾಗಬಹುದು. ಹೌದು. ಪ್ಯಾರಿಸ್ಸಿನ ಶ್ರೀಮಂತರ ಮನೆಯ ಹುಡುಗ ಲಾರ್ತಿಗ್, ದಿನಚರಿಯಲ್ಲಿ ಆ ದಿನ ತೆಗೆದ ಚಿತ್ರಗಳ ಪುಟ್ಟ ಗೀರುಚಿತ್ರಗಳನ್ನೂ ಬರೆದಿಡುತ್ತಿದ್ದ ಶಿಸ್ತುಗಾರ. ಓಡುವ ಮೋಟಾರು ಪಂದ್ಯದ ಅವನ ಪ್ರಸಿದ್ಧ ಚಿತ್ರ ಬಹುಕಾಲ 1912ರದೆಂದು ನಡೆದುಬಂತು. ಆಮೇಲೆ ಪರಿಶೀಲಿಸಿದವರು ಗಾಡಿಯ ಮೇಲಿನ ಆರು ಎಂಬ ಅಂಕಿಯನ್ನು ಹಿಡಿದು ಅದು 1913ರ ಪಂದ್ಯ ಎಂದು ತೀರ್ಮಾನಿಸಿದರು. ತಾರೀಖು ಎಂಬುದೊಂದು ಇದ್ದುದರಿಂದಲೇ ಅದನ್ನು ತಿದ್ದಲಾಯಿತು. ನಾವು ಹಸ್ತಪ್ರತಿಗಳಲ್ಲಿ ಮಾಡುವುದೂ ಇದನ್ನೇ: ತಪ್ಪು ಪಾಠವನ್ನು ಸರಿಪಡಿಸಬಹುದು, ಇಲ್ಲದ ಪಾಠವನ್ನು ಏನು ಮಾಡಬೇಕು?

ಚಿತ್ರ ಮಾತಿಗೆ ನೆರವಾಗುವುದೂ ಉಂಟು, ಇದನ್ನು ಒಪ್ಪಬೇಕು. ಫೋಟೋದ ಹಿಂದೆ ‘ಆನಂದ ಸಂವತ್ಸರದ ಶ್ರಾವಣ’ ಎಂದಿದ್ದರೆ ಅದು 1914 ಆಗಬಹುದು, ಅರವತ್ತು ವರ್ಷ ಕಳೆದು 1974 ಆಗಬಹುದು. ತಿರುಗಿಸಿ ಮುಂಭಾಗ ನೋಡಿದರೆ, ಜರತಾರಿ ಪೇಟವೂ ಜಟಕಾವೂ ಇದ್ದಲ್ಲಿ ಸಂಶಯ ತೀರುತ್ತದೆ. ಎರಡೂ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಇರುವುದು ಒಂದೇ ಆದರೆ, ನಾನು ಅಕ್ಷರದ ಪಕ್ಷದವನು. ನನ್ನ ಕಸುಬೂ ಅದೇ ಎಂದು ನಗುವವರು ನಗಲಿ.

ಅವಸರ ಯಾಕೆಂದರೆ, 1900ರ ಆಸುಪಾಸಿನಲ್ಲಿ ಹುಟ್ಟಿದವರ ಮಡಿಲಲ್ಲಿ ಕುಳಿತು ಈ ಫೋಟೋಗಳ ಕಥೆ ಕೇಳಿದವರಿಗೆ ಈಗ ಎಂಬತ್ತು ದಾಟಿದೆ. ಹೋದ ಬೇಸಗೆಯಲ್ಲಿ ಪರಿಚಯದ ಮನೆಯೊಂದರಲ್ಲಿ ಅಂಥ ಹಿರಿಯರೊಬ್ಬರ ಮುಂದೆ ಒಂದು ಫೋಟೋ ಹಿಡಿದು, ಅಂಚಿನಲ್ಲಿ ಕೊಟ್ಟಿಗೆಯ ಕಂಬ ಹಿಡಿದು ನಿಂತಾಕೆಯನ್ನು ತೋರಿಸಿ, ‘ಇವರು ಯಾರು ದೊಡ್ಡಮ್ಮ?’ ಎಂದು ಕೇಳಿದೆ. ಕನ್ನಡಕವನ್ನು ಎರಡು ಸಲ ಒರೆಸಿಕೊಂಡರು. ‘ಅಯ್ಯೋ, ಇವಳಾ! ನಮ್ಮನೇಲಿ ಹಾಲು ಕರೀತಿದ್ಲು ಕಣಪ್ಪ. ನಮ್ಮಮ್ಮನ ಬಾಣಂತನ ಎಲ್ಲ ಇವಳದೇ. ಇಲ್ದಿದ್ರೆ ನಾನೆಲ್ಲಿ ಇರ್ತಿದ್ದೆ’ ಎಂದು ಹೆಸರನ್ನೂ ಹೇಳಿದರು. ಆ ಮನೆಯ ಯಾವ ಮಕ್ಕಳಿಗೂ ಮೊಮ್ಮಕ್ಕಳಿಗೂ ಅದು ತಿಳಿದಿರಲಿಲ್ಲ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಇರಬೇಕಾದ ಕಡೆ, ಫೋಟೋದ ಬೆನ್ನಿನಲ್ಲಿ, ಇದೆ.

ಬರೆಯುವವರು ಬಾಲ್‌ಪೆನ್ನಿನಿಂದ ಬರೆಯದಿರಲಿ. ಒತ್ತು ಮುಂಭಾಗಕ್ಕೆ ಮೂಡುತ್ತದೆ, ಶಾಯಿ ಒಸರುತ್ತದೆ. ಮೆತ್ತನೆಯ ಸೀಸದ ಕಡ್ಡಿ ಸಾಕು, ಗಟ್ಟಿ ಮೇಜಿನ ಮೇಲೆ ಕವುಚಿ ಇಟ್ಟು ಹಗುರವಾಗಿ, ಅಂಚಿನ ಹತ್ತಿರ ಬರೆಯಬೇಕು. ಅಂಟುಹಾಳೆಯ ಆಲ್ಬಮ್ಮುಗಳಲ್ಲಿ ಸಿಕ್ಕಿಕೊಂಡಿರುವುದನ್ನು ಕಿತ್ತು ಹರಿಯಬೇಡಿ. ಬರಲಾರದಿದ್ದರೆ ಅದರ ಜೊತೆಗೆ ಒಂದು ಚೀಟಿ ಇಡಿ. ಹೆಸರು ಯಾರಿಗೂ ತಿಳಿಯದಿದ್ದರೆ ಅದನ್ನೂ ಬರೆಯಿರಿ: ‘ಹೆಸರು ತಿಳಿಯದು, ಅಡುಗೆಗೆ ಬರುತ್ತಿದ್ದವರು, ಮಾಗಡಿ ಕಡೆಯವರೆಂದು ಅಜ್ಜಿ ಹೇಳುತ್ತಿದ್ದರು’ ಎಂದು. ಕೆಳಗೆ ನಿಮ್ಮ ಹೆಸರೂ, ಬರೆದ ತಾರೀಖೂ ಇರಲಿ.